ಅಪ್‌ಡೇಟ್: ಶಿರಸಿಯಿಂದ ಮನಾಲಿಗೆ ಕಾರಿನಲ್ಲಿ ಹೋಗಿ ಬಂದೆವು

ಜನವರಿಯಲ್ಲಿ ಸ್ಕೀ ಕಲಿಯಲು ಶಿರಸಿಯಿಂದ ಮನಾಲಿಗೆ ಕಾರಿನಲ್ಲೇ ಹೊರಟಿದ್ದೇವೆ, ಏನೇನು ತಯಾರಿ ಬೇಕು ಎಂದು ಕೇಳಿದ್ದೆ. ಎಲ್ಲರೂ ಸುಖವಾಗಿ ಮನೆ ಸೇರಿದೆವು. ಉತ್ತರ ಕೊಟ್ಟವರಿಗೆಲ್ಲ ಮನಸಾರೆ ಧನ್ಯವಾದ.

ಕೂಲಂಟ್ (ಎಂಜಿನ್ ತಂಪಾಗಿಡುವ, ಚಳಿಗೆ ಬೇಗ ಹೆಪ್ಪುಗಟ್ಟದ ದ್ರವ) ನೋಡಿಸಿ ಎಂದವರಿಗೆ ಜಾಸ್ತಿ ಋಣಿ. ಊರಲ್ಲಿ ಸುಮ್ನೆ ನೀರು ಸೇರಿಸುತ್ತಾ ಬಂದಿದ್ದೆ. ನೀರು ಹೆಪ್ಪುಗಟ್ಟಿದರೆ ಹಿಗ್ಗುತ್ತದೆ, ರೇಡಿಯೇಟರ್ ಒಡೆಯಬಹುದು. ಹುಬ್ಬಳ್ಳಿಯಲ್ಲಿ ಪೂರ್ತಿ ತೆಗೆಸಿ ಹೊಸದು ಹಾಕಿಸಿದೆ. ಹಳೇ ಬ್ಯಾಟರಿಯನ್ನೂ ಬದಲಿಸಿದೆ.

ಹಿಮದಲ್ಲಿ ಜಾರದಂತೆ ಟೈರಿಗೆ ಸುತ್ತುವ ಚೈನನ್ನು ಅಡಿಕೆ ಹರವಿದ ಅಂಗಳದ ಮೂಲೆಯಲ್ಲೇ ನಾಲ್ಕು ಸಲ ಹಾಕಿ ತೆಗೆದು ಕಲಿತೆವು. ಮನಾಲಿ ಹತ್ತಿರ ಸ್ಕೀ ಆಡುವ ಸೋಲಂಗ್ ಕಣಿವೆಯ ದಾರಿಯಲ್ಲಿ ಬೆರಳು ಮರಗಟ್ಟಿದಾಗ ಅದೇ ಕೈಹಿಡಿಯಿತು. ನಮ್ಮದು ಮುಂದಿನ ಚಕ್ರ ಎಳೆಯುವ ಕಾರು, ಚೈನ್ ಅಲ್ಲಿಗೇ. ಹಿಮ ಮುಗಿದು ಡಾಂಬರು ಕಂಡ ಕೂಡಲೇ ಬಿಚ್ಚಬೇಕು. ರಾತ್ರಿ ಹ್ಯಾಂಡ್‌ಬ್ರೇಕ್ ಹಾಕಿದರೆ ಚಳಿಗೆ ಹೆಪ್ಪುಗಟ್ಟಿ ಬಿಡದೇ ಹೋಗಬಹುದು ಅಂತ, ಅದನ್ನು ಹಾಕದೆ ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಟ್ಟೆವು.

ಸ್ಕೀ, ಬೂಟು, ಜಾಕೆಟ್ ಅಲ್ಲೇ ಬಾಡಿಗೆಗೆ ಸಿಗುತ್ತವೆ, ಹೊತ್ತೊಯ್ಯಬೇಡಿ. ಒಳಗೆ ಹತ್ತಿ ಬನಿಯನ್ ಬೇಡ, ಬೆವರು ಆರುವುದಿಲ್ಲ. ಉಣ್ಣೆಯದೇ ಇರಲಿ. ಅಮ್ಮ ಕೊಟ್ಟ ತೆಂಗಿನೆಣ್ಣೆ ದಾರಿಯಲ್ಲೇ ಬಿಳಿ ಗಟ್ಟಿಯಾಯಿತು. ಅದು 24 ಡಿಗ್ರಿ ಸುಮಾರಿಗೇ ಹೆಪ್ಪುಗಟ್ಟುತ್ತದೆ ಅಲ್ವಾ! ಒಡೆದ ತುಟಿಗೆ ವ್ಯಾಸಲಿನ್ ಒಯ್ಯಿರಿ. ತೊಡೆದೇವು (ನಮ್ಮ ಕಡೆಯ ತೆಳ್ಳನೆಯ ಗರಿಗರಿ ಸಿಹಿತಿಂಡಿ) ಮಾತ್ರ ಸ್ಟೀಲ್ ಡಬ್ಬಿಯಲ್ಲಿ ಪುಡಿಯಾಗದೆ ಉಳಿಯಿತು.

ಮುಂದಿನ ಚಳಿಗಾಲಕ್ಕೆ ಶಿರಸಿ ಕಡೆಯವರು ಯಾರಾದರೂ ಹೊರಟರೆ ಚೈನ್ ನಮ್ಮಲ್ಲಿದೆ, ಕೊಡುತ್ತೇನೆ. ಟೈರಿನ ಅಳತೆ ಮೊದಲೇ ತಿಳಿಸಿ.