ಪದಚರ್ಚೆ: ಇಸ್ಪೀಟಿನ ‘ಫೋರ್ಸ್’ ಬಲವಂತವೇ?

ಪ್ರಶ್ನೆ (ಮಡಿಕೇರಿ): ಜಾದೂಗಾರರು ಬ್ಯಾಂಕು ದೋಚುವ 2013ರ ‘ನೌ ಯು ಸೀ ಮಿ’ ಚಿತ್ರದ ಬಗ್ಗೆ ಕನ್ನಡದಲ್ಲಿ ಬರೆಯಬೇಕಿದೆ. ನೋಡುಗ ತಾನೇ ಆರಿಸಿದೆ ಅಂದುಕೊಂಡ ಎಲೆ, ಜಾದೂಗಾರ ಮೊದಲೇ ಗೊತ್ತುಮಾಡಿಟ್ಟದ್ದಾಗಿರುತ್ತದೆ. ಈ ಕೈಚಳಕಕ್ಕೆ ‘ಫೋರ್ಸ್’ ಎನ್ನುತ್ತಾರೆ. ‘ಬಲವಂತ’ ಎಂದರೆ ನಡೆದೀತೇ? ‘ಹೈಸ್ಟ್’ಗೆ ‘ದರೋಡೆ’ ಸಾಕೇ?

ಉತ್ತರ (ವಿರಾಜಪೇಟೆ): ‘ಬಲವಂತ’ ಬೇಡ. ಅದರ ಗುಮಾನಿ ಬಂದರೇ ಆಟ ಕೆಟ್ಟಿತು. ‘ಎಲೆ ಹಿಡಿಸು’ ಎನ್ನಿ. ಊರು ಹಿಡಿಸಿತು ಎಂದಾಗ ಮೆಚ್ಚುಗೆ, ಕೈಗೆ ಕೊಡೆ ಹಿಡಿಸಿದ ಎಂದಾಗ ಇನ್ನೊಬ್ಬನ ಕೆಲಸ. ಇಲ್ಲಿ ಎರಡೂ ಉಂಟು: ಎಲೆ ಅವನಿಗೆ ಹಿಡಿಸಿತು, ಹಿಡಿಸಿದವನು ಬೇರೆ.

ಚಿತ್ರದ ಆರಂಭದಲ್ಲಿ ಎಲೆಗಳು ಬೆರಳ ತುದಿಯಿಂದ ಸರಸರ ಜಾರುತ್ತವೆ, ಡೈಮಂಡ್ ಏಳು ಮಾತ್ರ ಉಳಿದವಕ್ಕಿಂತ ಚೂರು ಹೆಚ್ಚು ಹೊತ್ತು ನಿಲ್ಲುತ್ತದೆ. ಕಡಿಮೆ ನಿಂತರೆ ಮನಸ್ಸಿಗೆ ಇಳಿಯುವುದಿಲ್ಲ, ಹೆಚ್ಚು ನಿಂತರೆ ಕಳ್ಳ ಸಿಕ್ಕಿಬಿದ್ದ. ಪಕ್ಕದಲ್ಲಿ ನಿಂತವನಿಗೆ ಎಲೆಯ ಮುಖವೇ ಕಾಣದು, ಆಟವೂ ನಡೆಯದು.

ಇದಕ್ಕಿಂತ ಸುಲಭದ್ದು ಅಡ್ಡಕಟ್ಟಿನದು. ಬೇಕಾದ ಎಲೆಯನ್ನು 52ರ ಕಟ್ಟಿನ ಮೇಲ್ತುದಿಗಿಡಿ. ನೋಡುಗ ಸುಮಾರು ಅರ್ಧ ಎತ್ತಿ ಮೇಜಿನ ಮೇಲಿಡಲಿ. ಉಳಿದರ್ಧವನ್ನು ಅದರ ಮೇಲೆ ಅಡ್ಡಡ್ಡ ಹೇರಿ. ಈಗ ಕೂಡಲೇ ಎಲೆಗೆ ಕೈ ಹಾಕಬಾರದು. ಅವನ ಮುಖ ನೋಡಿ ಒಂದೆರಡು ಮಾತಾಡಿ, ಹೆಸರು ಕೇಳಿ. ಆಮೇಲೆ ಮೇಲಿನರ್ಧ ಎತ್ತಿ, ‘ನೀವು ಕಡಿದದ್ದು ಇಲ್ಲೇ ಅಲ್ಲವೇ’ ಎಂದು ಕೆಳಗಿನರ್ಧದ ಮೇಲ್ತುದಿಯೆಲೆ ಕೊಡಿ. ಅದು ನೀವಿಟ್ಟದ್ದೇ. ಆತುರಪಟ್ಟರೆ ಯಾವ ಅರ್ಧ ಎಲ್ಲಿತ್ತೆಂದು ಅವನಿಗೆ ನೆನಪಿರುತ್ತದೆ. ಸೋಲುವವರು ಹೆಚ್ಚಾಗಿ ಸೋಲುವುದು ಇಲ್ಲೇ.

ಆ ನಡುವಿನ ಮಾತೇ ‘ಮಿಸ್‌ಡೈರೆಕ್ಷನ್’. ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ: ‘ದಾರಿ ತಪ್ಪಿಸು’ ಸುಳ್ಳಿನ ವಾಸನೆಯ ಪದ, ‘ಕಣ್ಣು ತಪ್ಪಿಸು’ ಎಂದರೆ ಅಡಗಿ ಜಾರುವುದು. ಜಾದೂಗಾರ ಮಾಡುವುದು ‘ಗಮನ ಸೆಳೆ’ಯುವ ಕೆಲಸ. ಮಡಿಕೇರಿ ದಸರೆಯ ಮಂಟಪದ ಮುಂದೆ ನಿಂತವರ ಕಣ್ಣು ಅಸುರನ ಮೇಲಿರುತ್ತದೆ, ಅವನನ್ನು ಎತ್ತುವ ಕಬ್ಬಿಣದ ತೋಳಿನ ಮೇಲಲ್ಲ.

ಇನ್ನು ದರೋಡೆ. ಭಾರತೀಯ ನ್ಯಾಯ ಸಂಹಿತೆಯ 310ನೇ ಕಲಮಿನ ಲೆಕ್ಕಕ್ಕೆ ಡಕಾಯಿತಿಗೆ ಐವರಾದರೂ ಬೇಕು. ಚಿತ್ರದ ತಂಡದಲ್ಲಿ ನಾಲ್ವರು. ಪ್ಯಾರಿಸ್ ಬ್ಯಾಂಕಿನ ಪ್ರಸಂಗದಲ್ಲಿ ಹೊಡೆತವಿಲ್ಲ, ಬೆದರಿಕೆಯಿಲ್ಲ, ಆದ್ದರಿಂದ ‘ಸುಲಿಗೆ’ಯೂ ಅಲ್ಲ. ಹಣ ಖಜಾನೆ ಸೇರುವ ಮುಂಚೆಯೇ ಬದಲಾಗಿರುತ್ತದೆ. ಒಳಗಿದ್ದದ್ದು ಕಿಡಿ ತಾಗಿದರೆ ಬೂದಿ ಉಳಿಸದೆ ಭಗ್ಗನೆ ಉರಿಯುವ ಫ್ಲ್ಯಾಶ್ ಪೇಪರ್, ಅಂದರೆ ನೈಟ್ರೋಸೆಲ್ಯುಲೋಸ್ ಕಾಗದ. ಪತ್ರಿಕೆಗಳ ಮೆಚ್ಚಿನ ‘ಕನ್ನ’ವೂ ಹೊಂದದು, ಕನ್ನಕ್ಕೆ ಗೋಡೆ ಕೊರೆಯಬೇಕು. ಕಾನೂನಿನ ಪ್ರಕಾರ ಅದು ಬರೀ ‘ಕಳವು’. ಶೀರ್ಷಿಕೆಗೆ ಸಪ್ಪೆ ಅನ್ನಿಸಿದರೆ ‘ಬ್ಯಾಂಕ್ ಲೂಟಿ’ ಎಂದು ಹಾಕಿ.