ಸೋಲಾರ್ ಮ್ಯಾಕ್ಸಿಮಮ್‌ನಲ್ಲಿ ಯುವಿ ನಿಜವಾಗ್ಲೂ ಜಾಸ್ತಿ ಆಗುತ್ತಾ?

ಪ್ರಶ್ನೆ: ಸರ್, 2024ರಲ್ಲಿ ಸೂರ್ಯ 11 ವರ್ಷದ ಸೈಕಲ್‌ನ ಮ್ಯಾಕ್ಸಿಮಮ್, ಅಂದ್ರೆ ಸೌರಕಲೆ ಅತಿ ಹೆಚ್ಚಿರೋ ಹಂತಕ್ಕೆ ಬಂದ ಅಂತ ಓದಿದೆ. ಸೌರಕಲೆ ಕಪ್ಪಗಿರುತ್ತೆ ತಾನೆ, ಕಲೆ ಜಾಸ್ತಿ ಆದ್ರೆ ಯುವಿ (ನೇರಳಾತೀತ ಕಿರಣ) ಕಮ್ಮಿ ಆಗ್ಬೇಕಲ್ವಾ? ಕೆಲವರು ನೋಡಿದ್ರೆ ಉಲ್ಟಾ, ಚರ್ಮ ಸುಟ್ಟೋಗುತ್ತೆ ಅಂತಾರೆ.

ಉತ್ತರ: ಯುವಿ ಜಾಸ್ತಿನೇ ಆಗುತ್ತೆ, ಆದ್ರೆ ಚರ್ಮ ಸುಡೋ ಯುವಿ ಅಲ್ಲ. ಕಲೆ ಕಪ್ಪಗಿರೋದು ಸರಿ, ಆದ್ರೆ ಅದರ ಸುತ್ತಮುತ್ತ ಕಾಂತಕ್ಷೇತ್ರ ಬಲವಾಗಿರೋ ಕಡೆ ಪ್ಲಾಜ್ ಅನ್ನೋ ಹೊಳೆಯೋ ಪ್ರದೇಶಗಳು ಹರಡ್ಕೊಂಡಿರ್ತವೆ, ಅವು ಕಲೆಗಿಂತ ಎಷ್ಟೋ ದೊಡ್ಡವು, ಅಲ್ಲಿ ಕ್ರೋಮೋಸ್ಫಿಯರ್, ಅಂದ್ರೆ ಸೂರ್ಯನ ಮೇಲ್ಮೈಗಿಂತ ಸ್ವಲ್ಪ ಮೇಲಿನ ಪದರ, ಬಿಸಿಯಾಗಿ ಯುವಿ ಸುರೀತಾ ಇರುತ್ತೆ, ಹಾಗಾಗಿ ಒಟ್ಟು ಲೆಕ್ಕದಲ್ಲಿ ಗೆಲ್ಲೋದು ಅವೇ.

ಎಷ್ಟು ಅನ್ನೋದು ತರಂಗಾಂತರದ ಮೇಲೆ ನಿಂತಿದೆ. ಸೂರ್ಯನ ಒಟ್ಟು ಶಕ್ತಿ ಬದಲಾಗೋದು ಬರೀ ಶೇ. 0.1. 300 ನ್ಯಾನೋಮೀಟರ್‌ಗಿಂತ ಮೇಲೆ, ಅಂದ್ರೆ ಹೆಚ್ಚುಕಮ್ಮಿ ನೆಲಕ್ಕೆ ಬರೋ ಯುವಿಯಲ್ಲಿ, ಶೇ. 1 ಕೂಡ ಇಲ್ಲ, 200ರ ಹತ್ತಿರ ಬಂದ್ರೆ ಹಲವು ಪರ್ಸೆಂಟ್, 121.6ರಲ್ಲಿ ಹೈಡ್ರೋಜನ್ ಸೂಸೋ ಲೈಮನ್ ಆಲ್ಫಾ ಬೆಳಕು ಒಂದೂವರೆ ಪಟ್ಟಿಗೂ ಮೇಲೆ ಹೋಗುತ್ತೆ, ಅದಕ್ಕಿಂತ ಚಿಕ್ಕ ತರಂಗದ ಎಕ್ಸ್‌ಟ್ರೀಮ್ ಯುವಿಯಲ್ಲಿ ಇನ್ನೂ ಜಾಸ್ತಿ. ಈ ಚಿಕ್ಕ ತರಂಗಗಳು ಒಂದೂ ನೆಲ ಮುಟ್ಟಲ್ಲ, ಮೇಲೇ ಹೀರ್ಕೊಂಡು ಹೋಗ್ತವೆ. ಇನ್ನೊಂದು ವಿಷ್ಯ, 242ಕ್ಕಿಂತ ಕೆಳಗಿನ ಯುವಿ ಆಕ್ಸಿಜನ್ ಒಡೆದು ಓಝೋನ್ ಹುಟ್ಸುತ್ತೆ, ಅಂದ್ರೆ ಮ್ಯಾಕ್ಸಿಮಮ್‌ನಲ್ಲಿ ನಮ್ಮ ಕೊಡೆ ಸ್ವಲ್ಪ ದಪ್ಪಾನೇ ಆಗುತ್ತೆ. ಬಿಸಿಲಿಗೆ ಯಾವಾಗ್ಲೂ ತಗೊಳೋ ಎಚ್ಚರಿಕೆ ಸಾಕು.

ಪ್ರಶ್ನೆ: ನೆಲಕ್ಕೇ ಬರಲ್ಲ ಅಂದ್ರೆ ಅಳೆಯೋದ್ಯಾಕೆ ಸರ್? ಅಳೆಯೋದಾದ್ರೂ ಹೇಗೆ?

ಉತ್ತರ: ಎಕ್ಸ್‌ಟ್ರೀಮ್ ಯುವಿ ಜಾಸ್ತಿ ಆದಾಗ ನಮ್ಮ ವಾತಾವರಣದ ಮೇಲಿನ ಪದರವಾದ ಥರ್ಮೋಸ್ಫಿಯರ್ ಕಾದು ಉಬ್ಬುತ್ತೆ, ಕೆಳಗಿನ ಕಕ್ಷೆಯ ಉಪಗ್ರಹಗಳಿಗೆ ಗಾಳಿಯ ಎಳೆತ ಹೆಚ್ಚುತ್ತೆ. ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್ ಅಂದ್ಕೊಂಡಿದ್ದಕ್ಕಿಂತ ಬೇಗ, 1979ರಲ್ಲೇ ಬಿದ್ದಿದ್ದು ಹೀಗೇ.

ಅಳೆಯೋದು ಮಾತ್ರ ತುಂಬಾ ಕಷ್ಟದ ಕೆಲ್ಸ, ನನಗೆ ಅತಿ ಇಷ್ಟವಾದ ಭಾಗಾನೂ ಅದೇ. ವಾತಾವರಣದ ಮೇಲಿಂದಾನೇ ನೋಡ್ಬೇಕು, ಆದ್ರೆ ಅದೇ ಯುವಿ ಬಿದ್ದು ಬಿದ್ದು ಉಪಕರಣದ ಕನ್ನಡಿ ಮಂಕಾಗುತ್ತೆ, ಆಗ ಕಮ್ಮಿ ಆಗಿದ್ದು ಸೂರ್ಯನಾ ಕನ್ನಡಿನಾ ಅಂತ ಗೊತ್ತಾಗ್ಬೇಕಲ್ಲ. 2003ರಿಂದ 2020ರವರೆಗೆ ಕೆಲಸ ಮಾಡಿದ ಸೋರ್ಸ್ (SORCE) ಅನ್ನೋ ನಾಸಾ ಉಪಗ್ರಹದ ಸೋಲ್‌ಸ್ಟಿಸ್ ಉಪಕರಣ ಇದಕ್ಕೇ ಅಂತ ಪ್ರಕಾಶ ಬದಲಾಗದ ನಕ್ಷತ್ರಗಳನ್ನೂ ನೋಡ್ತಿತ್ತು, ಅವೂ ಮಂಕಾಗಿ ಕಂಡ್ರೆ ತಪ್ಪು ಕನ್ನಡಿದು. ಇನ್ನೊಂದು ದಾರಿ ಮೆಗ್ನೀಶಿಯಂ ಸೂಚ್ಯಂಕ: ಸೂರ್ಯನ ಬೆಳಕಿನಲ್ಲಿ ಮೆಗ್ನೀಶಿಯಂ ಮೂಡಿಸೋ 280 ನ್ಯಾನೋಮೀಟರ್ ರೇಖೆಯ ನಡುವಿನ ಬೆಳಕನ್ನ ಅಂಚಿನ ಬೆಳಕಿಂದ ಭಾಗಿಸ್ತೀವಿ, ಮಂಕು ಎರಡಕ್ಕೂ ಹೆಚ್ಚುಕಮ್ಮಿ ಒಂದೇ ಆದ್ರಿಂದ ಅದು ಹೊಡೆದೋಗುತ್ತೆ, ಉಳಿಯೋದು ಸೂರ್ಯನ ಬದಲಾವಣೆ.