ಗ್ರಂಥಾಲಯದ ಹಳೆಯ, ಹೊಸ ಕಂಪ್ಯೂಟರುಗಳಿಗೆ ಫೈರ್‌ಫಾಕ್ಸ್: ಯಾವುದಕ್ಕೆ ಯಾವ ಫೈಲು?

ಕಾರಟಗಿ ಓದುಗ (ಪ್ರಶ್ನೆ)

ಮಾನ್ಯರೇ, ನಾನು ಕೊಪ್ಪಳ ಜಿಲ್ಲೆಯ ಕಾರಟಗಿ ತಾಲೂಕಿನ ಹಳ್ಳಿಯೊಂದರ ಅರಿವು ಕೇಂದ್ರದಲ್ಲಿ ಮೇಲ್ವಿಚಾರಕನಾಗಿದ್ದೇನೆ. ಪಹಣಿ ನೋಡಲು ಬರುವ ರೈತರು, ವಿದ್ಯಾರ್ಥಿವೇತನದ ಅರ್ಜಿ ತುಂಬುವ ಹುಡುಗರು, ಸೇವಾ ಸಿಂಧುವಿನಲ್ಲಿ ಅರ್ಜಿಯ ಸ್ಥಿತಿ ತಿಳಿಯಬಯಸುವವರು ಎಲ್ಲರೂ ಇಲ್ಲಿನ ಕಂಪ್ಯೂಟರುಗಳನ್ನೇ ಬಳಸುತ್ತಾರೆ. ಎರಡರಲ್ಲಿ ವಿಂಡೋಸ್ 7, ಎರಡರಲ್ಲಿ ವಿಂಡೋಸ್ 10, ಒಂದರಲ್ಲಿ ಉಬುಂಟು 22.04 ಇದೆ. ಇವುಗಳ ಜೊತೆಗೆ ಶಿಕ್ಷಕರೊಬ್ಬರು ತಮ್ಮ ಮ್ಯಾಕ್‌ಬುಕ್ಕನ್ನೂ ಆಗಾಗ ತರುತ್ತಾರೆ. ಎಲ್ಲದರಲ್ಲೂ ಮುಕ್ತ ತಂತ್ರಾಂಶವಾದ ಫೈರ್‌ಫಾಕ್ಸ್ ಬ್ರೌಸರ್ ಹಾಕಬೇಕೆಂದಿದ್ದೇನೆ.

ನಮ್ಮಲ್ಲಿ ಇಂಟರ್ನೆಟ್ ನಿಧಾನವಾದ್ದರಿಂದ ಗಂಗಾವತಿಯಲ್ಲಿ ಡೌನ್‌ಲೋಡ್ ಮಾಡಿ ಪೆನ್‌ಡ್ರೈವಿನಲ್ಲಿ ತಂದೆ. ತಂದ ಫೈಲು ಕೆಲವೇ ನೂರು ಕೆಬಿ ಇದ್ದು, ತೆರೆದ ಕೂಡಲೇ ಮತ್ತೆ ಇಂಟರ್ನೆಟ್ ಕೇಳುತ್ತದೆ. ಇನ್ನೊಬ್ಬರು ಕೊಟ್ಟ ದೊಡ್ಡ ಫೈಲು ವಿಂಡೋಸ್ 10ರಲ್ಲಿ ಸರಿಯಾಗಿ ಕುಳಿತಿತಾದರೂ ವಿಂಡೋಸ್ 7ರಲ್ಲಿ ಏಳಲೇ ಇಲ್ಲ. ಉಬುಂಟುವಿನಲ್ಲಿ ಫೈರ್‌ಫಾಕ್ಸ್ ಮೊದಲೇ ಇದೆ, ಆದರೆ ಬೆಳಿಗ್ಗೆ ಮೊದಲ ಸಲ ತೆರೆಯುವಾಗ ಬಹಳ ಹೊತ್ತು ಹಿಡಿಯುತ್ತದೆ. ಯಾವ ಯಂತ್ರಕ್ಕೆ ಯಾವ ಫೈಲು ತರಬೇಕೆಂದು ತಿಳಿದವರು ದಯವಿಟ್ಟು ವಿವರಿಸಬೇಕು.

ಬಳ್ಳಾರಿ ರಿಪೇರಿ

ಸರ್, ನೀವು ಮೊದಲು ತಂದದ್ದು ಬರೀ ಡೌನ್‌ಲೋಡರ್. ಬ್ರೌಸರ್ ಅದರೊಳಗೆ ಇರುವುದಿಲ್ಲ. ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾದ ತಾಣದಲ್ಲಿ ದೊಡ್ಡ ಡೌನ್‌ಲೋಡ್ ಗುಂಡಿಯನ್ನು ಬಿಟ್ಟು, ಎಲ್ಲ ವ್ಯವಸ್ಥೆಗಳ ಮತ್ತು ಭಾಷೆಗಳ ಪಟ್ಟಿಯಿರುವ ಪುಟಕ್ಕೆ ಹೋಗಿ ವಿಂಡೋಸ್ 64-ಬಿಟ್ ಅಥವಾ 32-ಬಿಟ್ ಎಂದು ಆರಿಸಿಕೊಂಡರೆ ಪೂರ್ತಿ ಇನ್‌ಸ್ಟಾಲರ್ ಸಿಗುತ್ತದೆ. ಅದು ಹತ್ತಾರು ಎಂಬಿ ಇರುತ್ತದೆ, ಆದರೆ ಒಮ್ಮೆ ತಂದರೆ ಹಾಕುವಾಗ ಇಂಟರ್ನೆಟ್ ಬೇಕಿಲ್ಲ. ಭಾಷೆಯ ಪಟ್ಟಿಯಲ್ಲಿ ಕನ್ನಡವೂ ಇದೆ.

ವಿಂಡೋಸ್ 7ಕ್ಕೆ ಹೊಸ ಫೈರ್‌ಫಾಕ್ಸ್ ಬರುವುದಿಲ್ಲ. 2023ರ ಜುಲೈಯಲ್ಲಿ ಬಂದ 115ನೆಯ ಆವೃತ್ತಿಯೇ ಅದಕ್ಕೆ ಕೊನೆಯದು. ಅದರ ಇಎಸ್ಆರ್, ಅಂದರೆ ದೀರ್ಘಾವಧಿ ಬೆಂಬಲದ ಶಾಖೆಗೆ ಭದ್ರತಾ ತಿದ್ದುಪಡಿ ಕೊಡುವ ಅವಧಿಯನ್ನು ಮೊಜಿಲ್ಲಾ ಒಂದಕ್ಕಿಂತ ಹೆಚ್ಚು ಸಲ ಮುಂದೂಡಿದೆ. ಆದ್ದರಿಂದ ಆ ಎರಡು ಯಂತ್ರಗಳಿಗೆ 115 ಇಎಸ್ಆರ್ ಫೈಲನ್ನೇ ಹುಡುಕಿ ತನ್ನಿ. ಕಂಪ್ಯೂಟರ್ ಐಕಾನಿನ ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆದರೆ 'ಸಿಸ್ಟಮ್ ಟೈಪ್' ಎಂಬ ಸಾಲಿನಲ್ಲಿ 32-ಬಿಟ್ಟೋ 64-ಬಿಟ್ಟೋ ಎಂದು ಬರೆದಿರುತ್ತದೆ. ಗಂಗಾವತಿಗೆ ಹೊರಡುವ ಮೊದಲೇ ಅದನ್ನು ಬರೆದಿಟ್ಟುಕೊಂಡರೆ ಎರಡನೆಯ ಬಸ್ ಚಾರ್ಜು ಉಳಿಯುತ್ತದೆ.

ಯಾರದೋ ಪೆನ್‌ಡ್ರೈವಿನಲ್ಲಿ ವರ್ಷಗಳಿಂದ ಬಿದ್ದಿರುವ 115ರ ಫೈಲನ್ನು ಮಾತ್ರ ಹಾಕಬೇಡಿ. ಆಡ್-ಆನ್‌ಗಳು, ಅಂದರೆ ಬ್ರೌಸರಿಗೆ ಸೇರಿಸಿಕೊಳ್ಳುವ ಹೆಚ್ಚುವರಿ ಸೌಲಭ್ಯಗಳು, ಅಸಲಿಯೇ ಎಂದು ಪರಿಶೀಲಿಸಲು ಫೈರ್‌ಫಾಕ್ಸ್ ಬಳಸುವ ಮೂಲ ಪ್ರಮಾಣಪತ್ರವೊಂದರ ಅವಧಿ 2025ರ ಮಾರ್ಚ್ 14ಕ್ಕೆ ಮುಗಿದಿದೆ. ಇಎಸ್ಆರ್‌ನಲ್ಲಿ 115.13ಕ್ಕಿಂತ ಹಳೆಯದನ್ನು ಹಾಕಿದರೆ ಬ್ರೌಸರ್ ತೆರೆದುಕೊಂಡರೂ ಆಡ್-ಆನ್‌ಗಳು ಕೆಲಸ ಮಾಡುವುದಿಲ್ಲ.

ಡೌನ್‌ಲೋಡ್ ಆದ ಫೈಲು ಅಸಲಿಯೇ ಎಂದು ನೋಡಲು ಅದರ ಪ್ರಾಪರ್ಟೀಸಿನಲ್ಲಿ 'ಡಿಜಿಟಲ್ ಸಿಗ್ನೇಚರ್ಸ್' ಎಂಬ ಹಾಳೆ ತೆರೆಯಿರಿ. ಅಲ್ಲಿ ಮೊಜಿಲ್ಲಾ ಕಾರ್ಪೊರೇಷನ್ ಎಂಬ ಹೆಸರಿರಬೇಕು. ಆ ಹಾಳೆಯೇ ಇಲ್ಲದ ಫೈಲನ್ನು ಅಳಿಸಿಬಿಡಿ. ಹುಡುಕಾಟದಲ್ಲಿ ಎಲ್ಲಕ್ಕಿಂತ ಮೇಲೆ ಕಾಣುವ ಜಾಹೀರಾತನ್ನು ಒತ್ತಿ ಬೇಡದ್ದನ್ನೆಲ್ಲ ತುಂಬಿಕೊಂಡ ಕಂಪ್ಯೂಟರುಗಳು ನನ್ನ ಅಂಗಡಿಗೆ ಬರುತ್ತಲೇ ಇರುತ್ತವೆ.

ರಾಯಚೂರು ಲ್ಯಾಬ್

ವಿಂಡೋಸ್ 7ರ ಬಗ್ಗೆ ಮೇಲೆ ಹೇಳಿದ್ದು ಸರಿಯಾಗಿದೆ, ಆದರೆ ನನ್ನ ಅಭಿಪ್ರಾಯದಲ್ಲಿ ಅದು ತಾತ್ಕಾಲಿಕ ಏರ್ಪಾಡು ಮಾತ್ರ. ಮೈಕ್ರೋಸಾಫ್ಟ್ ಆ ವ್ಯವಸ್ಥೆಗೆ ಬೆಂಬಲ ನಿಲ್ಲಿಸಿದ್ದು 2020ರ ಜನವರಿ 14ರಂದು. ಬ್ರೌಸರ್ ಎಷ್ಟೇ ಗಟ್ಟಿಯಾಗಿದ್ದರೂ ಅಡಿಯಲ್ಲಿರುವ ವ್ಯವಸ್ಥೆಯ ಬಿರುಕುಗಳನ್ನು ಅದು ಮುಚ್ಚಲಾರದು. ಯಂತ್ರ 64-ಬಿಟ್ ಆಗಿದ್ದು ನಾಲ್ಕು ಜಿಬಿ ರ‍್ಯಾಮ್ ಇದ್ದರೆ ಲಿನಕ್ಸ್ ಮಿಂಟ್ ಹಾಕಿರಿ. ಅದರಲ್ಲಿ ಫೈರ್‌ಫಾಕ್ಸ್ ಮೊದಲೇ ಇರುತ್ತದೆ, ಮಿಂಟಿನ ಅಪ್‌ಡೇಟ್ ಮ್ಯಾನೇಜರೇ ಅದನ್ನು ಹೊಸದಾಗಿಸುತ್ತದೆ. ವಿಂಡೋಸ್ 10ಕ್ಕೂ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಆದರೂ ಫೈರ್‌ಫಾಕ್ಸ್ ಅದರಲ್ಲಿ ಮುಂದುವರಿಯುವುದರಿಂದ ಸದ್ಯಕ್ಕೆ ಅವಸರವಿಲ್ಲ.

ಇನ್ನು ಉಬುಂಟು. 22.04ರಲ್ಲಿ ಫೈರ್‌ಫಾಕ್ಸ್ 'ಸ್ನ್ಯಾಪ್' ಎಂಬ ಪ್ಯಾಕೇಜಿನ ರೂಪದಲ್ಲಿ ಬರುತ್ತದೆ. ಬ್ರೌಸರಿಗೆ ಬೇಕಾದದ್ದೆಲ್ಲ ಕುಗ್ಗಿಸಿದ ಒಂದೇ ಫೈಲಿನೊಳಗೆ ಇರುವುದರಿಂದ ಯಂತ್ರ ಹೊತ್ತಿಸಿದ ಮೇಲೆ ಮೊದಲ ಸಲ ತೆರೆಯುವಾಗ, ಅದರಲ್ಲೂ ಹಳೆಯ ಹಾರ್ಡ್ ಡಿಸ್ಕಿನಲ್ಲಿ, ತಡವಾಗುತ್ತದೆ. ಸಹಿಸಲಾಗುವಷ್ಟಿದ್ದರೆ ಹಾಗೆಯೇ ಬಿಡಿ, ಏಕೆಂದರೆ ಅದು ತಾನಾಗಿಯೇ ಅಪ್‌ಡೇಟ್ ಆಗುತ್ತದೆ.

ಬದಲಿಸಲೇಬೇಕೆಂದರೆ, ಮೊಜಿಲ್ಲಾ 2024ರ ಜನವರಿಯಲ್ಲಿ 122ನೆಯ ಆವೃತ್ತಿಯೊಂದಿಗೆ ಉಬುಂಟು ಮತ್ತು ಡೆಬಿಯನ್‌ಗಳಿಗಾಗಿ ತನ್ನದೇ ಆಪ್ಟ್ ಭಂಡಾರ (ಆಪ್ಟ್ ಎಂಬ ಇನ್‌ಸ್ಟಾಲ್ ಸಾಧನ ತಂತ್ರಾಂಶಗಳನ್ನು ತಂದುಕೊಳ್ಳುವ ಜಾಗ) ತೆರೆದಿದೆ. ಅದರ ಸಹಿಯ ಕೀಲಿಯನ್ನು ಇಳಿಸಿಕೊಂಡು, ಭಂಡಾರದ ವಿಳಾಸವನ್ನು ಆಪ್ಟ್ ಪಟ್ಟಿಗೆ ಸೇರಿಸಿ, ಆದ್ಯತೆಯ ಫೈಲಿನಲ್ಲಿ ಆ ಭಂಡಾರಕ್ಕೆ 1000 ಎಂದು ಬರೆದು, ಆಮೇಲೆ ಇನ್‌ಸ್ಟಾಲ್ ಮಾಡಬೇಕು. ಬಹುತೇಕರು ಬಿಟ್ಟುಬಿಡುವುದು ಈ ಆದ್ಯತೆಯ ಫೈಲನ್ನೇ. ಉಬುಂಟುವಿನ ಸ್ವಂತ ಭಂಡಾರದಲ್ಲಿ ಫೈರ್‌ಫಾಕ್ಸ್ ಎಂಬ ಹೆಸರಿನ ಇನ್ನೊಂದು ಪ್ಯಾಕೇಜ್ ಇದೆ. ಅದರೊಳಗೆ ಬ್ರೌಸರ್ ಇಲ್ಲ, ಅದು ಸ್ನ್ಯಾಪನ್ನು ಕರೆತರುವ ಕೆಲಸವನ್ನಷ್ಟೇ ಮಾಡುತ್ತದೆ. ಅದರ ಆವೃತ್ತಿ ಸಂಖ್ಯೆಯನ್ನು ಮೊಜಿಲ್ಲಾದ ಯಾವುದೇ ಸಂಖ್ಯೆಗಿಂತ ದೊಡ್ಡದಾಗಿ ಎಣಿಕೆಯಾಗುವಂತೆ ರಚಿಸಿರುವುದರಿಂದ, ಆದ್ಯತೆ ಹೇಳದಿದ್ದರೆ ಆಪ್ಟ್ ಅದನ್ನೇ ಆರಿಸಿಕೊಂಡು ನಿಮ್ಮನ್ನು ಮತ್ತೆ ಸ್ನ್ಯಾಪಿಗೇ ಒಯ್ಯುತ್ತದೆ. ಹಳೆಯದನ್ನು ತೆಗೆಯುವ ಮೊದಲು ಬುಕ್‌ಮಾರ್ಕುಗಳನ್ನು ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳಿ, ಸ್ನ್ಯಾಪಿನ ಪ್ರೊಫೈಲ್ ಬೇರೆ ಫೋಲ್ಡರಿನಲ್ಲಿರುತ್ತದೆ.

ಮೊಜಿಲ್ಲಾ ತಾಣದಿಂದ ಲಿನಕ್ಸಿನ ಸಂಕುಚಿತ ಫೈಲನ್ನು ನೇರವಾಗಿ ಇಳಿಸಿ ಬಿಚ್ಚಿಯೂ ಓಡಿಸಬಹುದು. ಆದರೆ ಆ ಫೋಲ್ಡರಿನಲ್ಲಿ ಬರೆಯುವ ಅನುಮತಿ ಬಳಕೆದಾರನಿಗೆ ಇಲ್ಲದಿದ್ದರೆ ಅಪ್‌ಡೇಟ್ ನಿಂತುಹೋಗುತ್ತದೆ, ಮೆನುವಿನಲ್ಲಿ ಐಕಾನನ್ನೂ ನಾವೇ ಮಾಡಿಕೊಳ್ಳಬೇಕು. ಹತ್ತು ಜನ ಕೂರುವ ಗ್ರಂಥಾಲಯಕ್ಕೆ ನಾನು ಇದನ್ನು ಹೇಳುವುದಿಲ್ಲ.

ಕಾರಟಗಿ ಓದುಗ

ಇಬ್ಬರಿಗೂ ಧನ್ಯವಾದಗಳು. ವಿಂಡೋಸ್ 7ರ ಯಂತ್ರಗಳಲ್ಲಿ ಒಂದು 32-ಬಿಟ್, ಇನ್ನೊಂದು 64-ಬಿಟ್ ಎಂದು ಈಗ ಗೊತ್ತಾಯಿತು. 64-ಬಿಟ್ ಯಂತ್ರಕ್ಕೆ ಮಿಂಟ್ ಹಾಕಿಸುತ್ತೇನೆ. ಎರಡು ಸಂಶಯಗಳು ಉಳಿದಿವೆ. ಶಿಕ್ಷಕರ ಮ್ಯಾಕ್‌ನಲ್ಲಿ ಫೈರ್‌ಫಾಕ್ಸ್ ಹಾಕಿದರೂ ಪ್ರತಿ ಸಲ ಡಿಸ್ಕಿನಂಥ ಚಿತ್ರವೊಂದನ್ನು ತೆರೆಯಬೇಕಾಗುತ್ತಿದೆ. ಎರಡನೆಯದಾಗಿ, ಬಂದವರು ಲಾಗಿನ್ ಮಾಡಿ ಹಾಗೆಯೇ ಎದ್ದು ಹೋಗುತ್ತಾರೆ, ಕೆಲವರು ಪಾಸ್‌ವರ್ಡನ್ನೂ ಸೇವ್ ಮಾಡಿರುತ್ತಾರೆ. ಇದಕ್ಕೆ ಇನ್‌ಸ್ಟಾಲ್ ಮಾಡುವಾಗಲೇ ಏನಾದರೂ ಮಾಡಬಹುದೇ?

ರಾಯಚೂರು ಲ್ಯಾಬ್

ಮ್ಯಾಕ್‌ನಲ್ಲಿ ಡಿಎಂಜಿ ಫೈಲನ್ನು, ಅಂದರೆ ನೀವು ಹೇಳಿದ ಆ ಡಿಸ್ಕಿನಂಥ ಚಿತ್ರವನ್ನು, ತೆರೆದಾಗ ಕಾಣುವ ಫೈರ್‌ಫಾಕ್ಸ್ ಚಿಹ್ನೆಯನ್ನು ಅಲ್ಲಿಂದಲೇ ಓಡಿಸದೆ, ಅದೇ ಕಿಟಕಿಯಲ್ಲಿರುವ ಅಪ್ಲಿಕೇಷನ್ಸ್ ಫೋಲ್ಡರಿನ ಮೇಲೆ ಎಳೆದು ಬಿಡಬೇಕು, ನಂತರ ಆ ಡಿಸ್ಕನ್ನು ಇಜೆಕ್ಟ್ ಮಾಡಬೇಕು. ಮ್ಯಾಕ್ಓಎಸ್ 10.15 ಅಥವಾ ಅದಕ್ಕಿಂತ ಹೊಸದಿದ್ದರೆ ಇಂದಿನ ಫೈರ್‌ಫಾಕ್ಸ್ ನಡೆಯುತ್ತದೆ, 10.12ರಿಂದ 10.14ರವರೆಗಿನವಕ್ಕೆ ಮತ್ತೆ ಅದೇ 115 ಇಎಸ್ಆರ್.

ಎರಡನೆಯ ಸಂಶಯ ಇಡೀ ಚರ್ಚೆಯಲ್ಲೇ ಮುಖ್ಯವಾದದ್ದು. 2018ರಲ್ಲಿ ಬಂದ 60ನೆಯ ಆವೃತ್ತಿಯಿಂದ ಫೈರ್‌ಫಾಕ್ಸಿನಲ್ಲಿ 'ಪಾಲಿಸಿ' ಎಂಬ, ಬ್ರೌಸರ್ ಹೇಗೆ ನಡೆಯಬೇಕೆಂದು ಮೇಲ್ವಿಚಾರಕರೇ ಗೊತ್ತುಪಡಿಸುವ ವ್ಯವಸ್ಥೆಯಿದೆ. ಇನ್‌ಸ್ಟಾಲ್ ಆದ ಫೋಲ್ಡರಿನೊಳಗೆ 'ಡಿಸ್ಟ್ರಿಬ್ಯೂಷನ್' ಹೆಸರಿನ ಫೋಲ್ಡರ್ ಮಾಡಿ, ಅದರಲ್ಲಿ ಪಾಲಿಸಿಗಳ ಜೇಸನ್ ಫೈಲನ್ನು (policies.json ಎಂಬ ಪಠ್ಯರೂಪದ ಫೈಲು) ಇಟ್ಟರೆ, ಬ್ರೌಸರ್ ಮುಚ್ಚಿದ ಕೂಡಲೇ ಇತಿಹಾಸ, ಕುಕ್ಕಿ, ಲಾಗಿನ್‌ಗಳು ಅಳಿಯುವಂತೆಯೂ ಪಾಸ್‌ವರ್ಡ್ ಉಳಿಸಬೇಕೇ ಎಂಬ ಪ್ರಶ್ನೆಯೇ ಬಾರದಂತೆಯೂ ಮಾಡಬಹುದು. ಒಂದೇ ಫೈಲನ್ನು ಎಲ್ಲ ಯಂತ್ರಗಳಿಗೂ ನಕಲಿಸಬಹುದು. ಲಿನಕ್ಸಿನಲ್ಲಿ ಅದನ್ನು ಇಟಿಸಿ ಫೋಲ್ಡರಿನೊಳಗಿನ ಫೈರ್‌ಫಾಕ್ಸ್ ಪಾಲಿಸಿಗಳ ಜಾಗದಲ್ಲಿಡುವುದು ಮೇಲು.

ಬಳ್ಳಾರಿ ರಿಪೇರಿ

ವಿಂಡೋಸಿನಲ್ಲಿ ಹಾಕುವಾಗ ಅನುಮತಿ ಕೇಳುವ ಕಿಟಕಿಗೆ 'ಯೆಸ್' ಎಂದೇ ಒತ್ತಿ, ಸರ್. 'ನೋ' ಎಂದರೂ ಇನ್‌ಸ್ಟಾಲ್ ಮುಂದುವರಿಯುತ್ತದೆ, ಆದರೆ ಬ್ರೌಸರ್ ಆ ಒಬ್ಬ ಬಳಕೆದಾರನ ಫೋಲ್ಡರಿನಲ್ಲಿ ಕೂರುತ್ತದೆ. ಬೇರೆ ಖಾತೆಯಲ್ಲಿ ಲಾಗಿನ್ ಆದವರಿಗೆ ಕಾಣುವುದಿಲ್ಲ. ಪಾಲಿಸಿ ಫೈಲು ಇಟ್ಟ ಮೇಲೆ ವಿಳಾಸದ ಪಟ್ಟಿಯಲ್ಲಿ ಅಬೌಟ್ ಎಂದು ಬರೆದು, ಎರಡು ಚುಕ್ಕಿ ಹಾಕಿ, ಪಾಲಿಸೀಸ್ ಎಂದು (about:policies) ಟೈಪ್ ಮಾಡಿ ನೋಡಿ. ಫೈಲಿನಲ್ಲಿ ಒಂದು ಅಲ್ಪವಿರಾಮ ತಪ್ಪಿದ್ದರೂ ಆ ಪುಟದಲ್ಲಿ ತಿಳಿಯುತ್ತದೆ.